ಸಹಾಯ ಬೇಕು: ನಮ್ಮ ಆಮೆ ನೀರಿನಲ್ಲೇ ಮೊಟ್ಟೆ ಇಟ್ಟಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಒಂದು ಜೋಡಿ ರೆಡ್ ಇಯರ್ಡ್ ಸ್ಲೈಡರ್ ಆಮೆ ಸಾಕಿದ್ದೇವೆ. ಹೆಣ್ಣಿಗೆ ಈಗ ಎಂಟು ವರ್ಷ. ಮಗಳು ಪುಟ್ಟಿ ಅಂತ ಕರೆಯುತ್ತಾಳೆ.

ಹತ್ತು ದಿನದಿಂದ ಪುಟ್ಟಿ ಸರಿಯಾಗಿ ತಿನ್ನುತ್ತಿಲ್ಲ. ಹಿಂಗಾಲಲ್ಲಿ ಗಾಜು ಕೆರೆಯುತ್ತಲೇ ಇತ್ತು. ಪಾಪ, ಗುಂಡಿ ತೋಡೋಕೆ ಮಣ್ಣು ಹುಡುಕುತ್ತಿತ್ತು, ನಮಗೆ ಹೊಳೆಯಲಿಲ್ಲ. ನಿನ್ನೆ ಬೆಳಿಗ್ಗೆ ನೋಡಿದರೆ ನೀರಿನಲ್ಲಿ ಮೂರು ಮೊಟ್ಟೆ. ಒಂದು ಒಡೆದಿತ್ತು. ಉಳಿದೆರಡನ್ನು ಹೊರಳಿಸದೆ ಎತ್ತಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಒದ್ದೆ ಮರಳಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೆಳ್ಳಗೆ, ಉದ್ದಕ್ಕೆ, ಹೆಬ್ಬೆರಳಿನ ಗೆಣ್ಣಿನಷ್ಟಿವೆ.

ಇವಕ್ಕೆ 26ರಿಂದ 30 ಡಿಗ್ರಿ ಶಾಖ ಎರಡು ತಿಂಗಳಿಗೂ ಜಾಸ್ತಿ ಬೇಕಲ್ವಾ? ಇಲ್ಲಿ ಮಳೆ ಬಿಡುತ್ತಿಲ್ಲ, ಕರೆಂಟ್ ಹೋದರೆ ಮರುದಿನವೇ ಬರುವುದು. ಬಲ್ಬ್ ನಂಬುವ ಹಾಗಿಲ್ಲ. ಬಚ್ಚಲೊಲೆ ಪಕ್ಕ ಥರ್ಮೋಕೋಲ್ ಡಬ್ಬಿಯಲ್ಲಿಟ್ಟರೆ ಶಾಖ ಏರುಪೇರಾಗುತ್ತದಾ? ಮಲೆನಾಡಿನ ಮಳೆಗಾಲದಲ್ಲಿ ಮರಿ ಮಾಡಿಸಿದವರು ದಯವಿಟ್ಟು ಹೇಳಿ.

ಮೊಟ್ಟೆಗಿಂತ ತಾಯಿಯದೇ ಚಿಂತೆ. ಇನ್ನೂ ಚಡಪಡಿಸುತ್ತಿದೆ, ಹೊಟ್ಟೆಯಲ್ಲಿ ಮೊಟ್ಟೆ ಉಳಿದಿರಬೇಕು. ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ದೊಡ್ಡ ಟಬ್‌ನಲ್ಲಿ ಒಂದು ಗೇಣು ಒದ್ದೆ ಮಣ್ಣು, ಮರಳು ತುಂಬಿ ಬಿಟ್ಟಿದ್ದೇವೆ. ಸುಣ್ಣದಂಶಕ್ಕೆ ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಕಡಲಜೀವಿಯ ಒಳಚಿಪ್ಪು) ಹಾಕಿದ್ದೇವೆ. ಹತ್ತಿರದ ಡಾಕ್ಟರ್ ಆಮೆ ನೋಡುವುದಿಲ್ಲ ಅಂದರು. ಶಿವಮೊಗ್ಗದಲ್ಲಿ ಆಮೆಗೆ ಎಕ್ಸ್‌ರೇ ತೆಗೆದು ನೋಡುವವರು ಯಾರಿದ್ದಾರೆ? ನಾಳೆಯೇ ಕರೆದುಕೊಂಡು ಬರುತ್ತೇವೆ.

ಮರಿಯಾದರೆ ತುಂಗೆಗೆ ಬಿಡಿ ಅಂತ ಮಾತ್ರ ಹೇಳಬೇಡಿ. ಇವು ಹೊರದೇಶದ ಆಮೆ, ನಮ್ಮ ಹೊಳೆಯ ಆಮೆಗಳ ಜಾಗ, ಆಹಾರ ಕಿತ್ತುಕೊಳ್ಳುತ್ತವೆ. ನಾವೇ ಸಾಕುತ್ತೇವೆ.