ಗೊಡೋ 4ರಲ್ಲಿ ಕೋ-ಆಪ್ ರೋಗ್‌ಲೈಟ್: ನಾಲ್ಕು ಜನ ಸೇರಿದಾಗ ಕಷ್ಟ ಎಷ್ಟು ಏರಿಸಬೇಕು, ಐಟಂ ಹೇಗೆ ಹಂಚಬೇಕು?

ಮಿಣುಕುಹುಳ

ಎಲ್ಲರಿಗೂ ನಮಸ್ಕಾರ. ಗೊಡೋ ಗೇಮ್ ಎಂಜಿನ್‌ನಲ್ಲಿ ನಾನು ಮಾಡುತ್ತಿರುವುದು ಮೇಲಿನಿಂದ ಕಾಣುವ 2ಡಿ ಆಕ್ಷನ್ ರೋಗ್‌ಲೈಟ್ (ಸತ್ತರೆ ಮೊದಲಿನಿಂದ ಶುರು, ಪ್ರತಿ ಸಲವೂ ನಕ್ಷೆ ಬೇರೆ). 1ರಿಂದ 4 ಆಟಗಾರರು, ಅವರಲ್ಲೇ ಒಬ್ಬರು ಹೋಸ್ಟ್ (ಅವರ ಯಂತ್ರವೇ ಆಟ ನಡೆಸುತ್ತದೆ), ಉಳಿದವರು ಕ್ಲೈಂಟ್. ಆರು ಹಂತ, ಪೂರ್ತಿ ರನ್ (ಒಂದು ಸಲದ ಆಟ) ಸುಮಾರು 35 ನಿಮಿಷ. ಈಗ ಶತ್ರುವಿನ ಹೆಲ್ತನ್ನು ಆಟಗಾರರ ಸಂಖ್ಯೆಯಿಂದ ನೇರವಾಗಿ ಗುಣಿಸಿದ್ದೇನೆ. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ:

ನಾಲ್ವರಿದ್ದಾಗ ಮೊದಲ ಎರಡು ಹಂತ ಎಳೆಯುತ್ತವೆ, ಸಾಮಾನ್ಯ ಶತ್ರು ಕೂಡ ಸಾಯುವುದಿಲ್ಲ. ಕೊನೆಯ ಹಂತಗಳಲ್ಲಿ ಐಟಂ (ಬಲ ಹೆಚ್ಚಿಸುವ ವಸ್ತು) ಹೆಚ್ಚು ಎತ್ತಿಕೊಂಡ ಒಬ್ಬರೇ ಎಲ್ಲವನ್ನೂ ಮುಗಿಸುತ್ತಾರೆ, ಉಳಿದ ಮೂವರು ನೋಡುತ್ತಾ ನಿಲ್ಲುತ್ತಾರೆ.

ಎಲ್ಲರಿಗೂ ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುವಾಗುವ ಮೂಲಸಂಖ್ಯೆ) ಕಳಿಸಿದರೂ ಮೂರನೇ ಹಂತದ ಹೊತ್ತಿಗೆ ಒಬ್ಬರ ಪರದೆಯಲ್ಲಿರುವ ಪೆಟ್ಟಿಗೆ ಇನ್ನೊಬ್ಬರ ಪರದೆಯಲ್ಲಿ ಇರುವುದಿಲ್ಲ.

ಪಿಂಗ್ (ಸಂದೇಶ ಹೋಗಿ ಬರುವ ಸಮಯ) 90 ಮಿಲಿಸೆಕೆಂಡ್ ಇರುವ ಕ್ಲೈಂಟ್, ಡ್ಯಾಶ್ ಮಾಡಿ (ಸರ್ರನೆ ನುಗ್ಗಿ) ತಪ್ಪಿಸಿಕೊಂಡರೂ ಪೆಟ್ಟು ಬೀಳುತ್ತದೆ. ಡ್ಯಾಶ್‌ನಲ್ಲಿ 0.2 ಸೆಕೆಂಡ್ ರಕ್ಷಣೆ ಇದೆ.

ಮೂರನೇ_ಘಾತ

ಮೊದಲನೆಯದಕ್ಕೆ ಉತ್ತರ. ಹೆಲ್ತ್ ಗುಣಿಸುವುದೇ ತಪ್ಪು. ಗುಂಪು ಶತ್ರುಗಳ ಆಟದಲ್ಲಿ ನಾಲ್ವರೂ ಒಂದೇ ಶತ್ರುವಿಗೆ ಹೊಡೆಯುವುದಿಲ್ಲ, ಆಚೀಚೆ ಚದುರಿ ತಮ್ಮ ಎದುರಿಗೆ ಬಂದದ್ದನ್ನು ಹೊಡೆಯುತ್ತಾರೆ. ಒಬ್ಬನ ಎದುರಿಗೆ ನಿಂತ ಶತ್ರುವಿಗೆ ನಾಲ್ಕು ಪಟ್ಟು ಹೆಲ್ತ್ ಕೊಟ್ಟರೆ ಆ ಒಬ್ಬನಿಗೆ ನಾಲ್ಕು ಪಟ್ಟು ಸಮಯ ಬೇಕು, ಅಷ್ಟೇ. ಏರಿಸಬೇಕಾದದ್ದು ಶತ್ರುಗಳ ಸಂಖ್ಯೆ. ಎಲ್ಲರೂ ಒಟ್ಟಾಗಿ ಹೊಡೆಯುವುದು ಬಾಸ್‌ಗೆ (ದೊಡ್ಡ ಮುಖ್ಯ ಶತ್ರು) ಮಾತ್ರ. ಅದಕ್ಕೆ ಆಟಗಾರರ ಸಂಖ್ಯೆಯ ವರ್ಗಮೂಲದಷ್ಟು ಗುಣಿಸಿ ನೋಡಿ: ಇಬ್ಬರಿಗೆ 1.41, ನಾಲ್ವರಿಗೆ 2.

ಮಾದರಿ ಬೇಕಿದ್ದರೆ ಹೊಪೂ ಗೇಮ್ಸ್‌ನ ರಿಸ್ಕ್ ಆಫ್ ರೇನ್ 2 (2019ರ ಮಾರ್ಚ್‌ನಲ್ಲಿ ಅರ್ಲಿ ಆ್ಯಕ್ಸೆಸ್, 2020ರ ಆಗಸ್ಟ್‌ನಲ್ಲಿ ಪೂರ್ಣ ಬಿಡುಗಡೆ) ನೋಡಿ. ಅದರ ಲೆಕ್ಕ ಬಹಳ ಅಚ್ಚುಕಟ್ಟು:

ಆಟಗಾರ ಅಂಶ = 1 + 0.3 × (ಆಟಗಾರರು − 1)
ಕಾಲ ಅಂಶ = 0.0506 × ಕಷ್ಟದ ಮಟ್ಟ (1, 2 ಅಥವಾ 3) × ಆಟಗಾರರ ಸಂಖ್ಯೆಯ 0.2ನೇ ಘಾತ
ಗುಣಾಂಕ = (ಆಟಗಾರ ಅಂಶ + ಕಳೆದ ನಿಮಿಷ × ಕಾಲ ಅಂಶ) × 1.15ರ ಘಾತ, ಘಾತಸಂಖ್ಯೆ ಮುಗಿಸಿದ ಹಂತಗಳು

ಮಧ್ಯಮ ಕಷ್ಟ, 10ನೇ ನಿಮಿಷ, ಎರಡು ಹಂತ ಮುಗಿದಿವೆ ಅಂತಿಟ್ಟುಕೊಳ್ಳಿ. ಒಬ್ಬರಿಗೆ ಗುಣಾಂಕ 2.66, ನಾಲ್ವರಿಗೆ 4.28. 30ನೇ ನಿಮಿಷ, ಐದು ಹಂತ ಮುಗಿದಾಗ 8.12 ಮತ್ತು 11.88. ಅಂದರೆ ನಾಲ್ವರಿದ್ದರೂ ವ್ಯತ್ಯಾಸ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ಶತ್ರುವಿನ ಲೆವೆಲ್ ಈ ಗುಣಾಂಕದಿಂದ ಬರುತ್ತದೆ: ಅದರಿಂದ ಆಟಗಾರ ಅಂಶ ಕಳೆದು, 0.33ರಿಂದ ಭಾಗಿಸಿ, 1 ಕೂಡಿಸಬೇಕು. ಪ್ರತಿ ಲೆವೆಲ್‌ಗೆ ಮೂಲ ಹೆಲ್ತ್‌ನ ಶೇ. 30, ಮೂಲ ಡ್ಯಾಮೇಜ್‌ನ ಶೇ. 20 ಸೇರುತ್ತದೆ. ಆಟಗಾರ ಅಂಶವನ್ನು ಕಳೆಯುವುದರಿಂದ ಮೊದಲ ನಿಮಿಷದಲ್ಲಿ ನಾಲ್ವರಿಗೂ ಶತ್ರು ಲೆವೆಲ್ 1ರದ್ದೇ ಇರುತ್ತದೆ. ನಿಮ್ಮ ಮೊದಲ ಎರಡು ಹಂತ ಎಳೆಯುವುದಕ್ಕೆ ಮದ್ದು ಈ ಒಂದು ಕಳೆಯುವಿಕೆಯಲ್ಲೇ ಇದೆ.

ಆ ಆಟದಲ್ಲಿ ಶತ್ರುಗಳ ಸಂಖ್ಯೆಯ ಏರಿಕೆಯನ್ನು ಡೈರೆಕ್ಟರ್ ಎಂಬ ಕೋಡ್ ಭಾಗ ನೋಡಿಕೊಳ್ಳುತ್ತದೆ. ಅದಕ್ಕೆ ಪ್ರತಿ ಸೆಕೆಂಡಿಗೆ ಇಷ್ಟು ಕ್ರೆಡಿಟ್ ಅಂತ ಸಿಗುತ್ತದೆ, ಅದರಿಂದ ಅದು ಶತ್ರುಗಳನ್ನು "ಕೊಳ್ಳುತ್ತದೆ". ಈ ಕ್ರೆಡಿಟ್ (ಆಟಗಾರರು + 1) ÷ 2ರಿಂದ ಗುಣಿತ. ಒಬ್ಬರಿಗೆ 1, ನಾಲ್ವರಿಗೆ 2.5. ನಿಮ್ಮ ಆಟಕ್ಕೂ ಇದನ್ನೇ ಹಾಕಿ, ಆದರೆ ಜೀವಂತ ಶತ್ರುಗಳಿಗೆ ಮೇಲ್ಮಿತಿ ಇಡಿ. ಮಿತಿ ತುಂಬಿದಾಗ ಉಳಿದ ಕ್ರೆಡಿಟ್ ಕೂಡಿಟ್ಟು ಬಲಿಷ್ಠ ಶತ್ರುವಿಗೆ ಖರ್ಚಾಗಲಿ. ಮಿತಿ ಇಲ್ಲದಿದ್ದರೆ ಮೊದಲು ಸೋಲುವುದು ಹೋಸ್ಟ್‌ನ ಸಿಪಿಯು.

ಪಾಲುಪಟ್ಟಿ

ಕಷ್ಟದ ಸೂತ್ರ ಎಷ್ಟೇ ಚೆನ್ನಾಗಿದ್ದರೂ ಹಂಚಿಕೆ ಕೆಟ್ಟರೆ ಕೋ-ಆಪ್ ನಿಲ್ಲುವುದಿಲ್ಲ. ನಾಲ್ಕನೇ ಆಟಗಾರ ರನ್ ಮಧ್ಯೆ ಎದ್ದು ಹೋಗುವುದು ಸಾಮಾನ್ಯವಾಗಿ ಕೈಯಲ್ಲಿ ಏನೂ ಇಲ್ಲದಿದ್ದಾಗಲೇ.

ಅದೇ ಆಟದಲ್ಲಿ ಪೆಟ್ಟಿಗೆ ಮುಂತಾದವುಗಳ ಬಜೆಟ್ಟೂ 0.5 + 0.5 × ಆಟಗಾರರು. ನಾಲ್ವರಿಗೆ 2.5 ಪಟ್ಟು ಪೆಟ್ಟಿಗೆ, ತಲೆಗೆ 0.625 ಬಂತು. ಈ ಕೊರತೆಯನ್ನು ಟೆಲಿಪೋರ್ಟರ್ (ಮುಂದಿನ ಹಂತಕ್ಕೆ ಕಳಿಸುವ ಯಂತ್ರ) ಬಳಿಯ ಬಾಸ್ ಸ್ವಲ್ಪ ತುಂಬುತ್ತದೆ, ಅದು ಸತ್ತಾಗ ತಲೆಗೊಂದು ಐಟಂ ಬೀಳುತ್ತದೆ. ಪೆಟ್ಟಿಗೆಯಿಂದ ಬಿದ್ದದ್ದನ್ನು ಮಾತ್ರ ಯಾರು ಮೊದಲು ಮುಟ್ಟಿದರೋ ಅವರಿಗೆ. ಇದನ್ನು ನಕಲು ಮಾಡಬೇಡಿ ಅನ್ನುವುದು ನನ್ನ ಸಲಹೆ. ಪರಿಚಯದವರು ಮಾತಾಡಿಕೊಂಡು ಆಡಿದರೆ ಸರಿಹೋಗುತ್ತದೆ, ಅಪರಿಚಿತರ ಜೊತೆ ಅದು ಓಟದ ಸ್ಪರ್ಧೆಯಾಗುತ್ತದೆ.

35 ನಿಮಿಷದ ರನ್‌ಗೆ ಹೊಂದುವುದು ಮಿಶ್ರ ಪದ್ಧತಿ. ಕೋಣೆ ಮುಗಿದಾಗ ಪ್ರತಿಯೊಬ್ಬರಿಗೂ ಅವರವರ ಮೂರು ಆಯ್ಕೆ, ಅದರಲ್ಲಿ ಒಂದು. ನೆಲದ ಪೆಟ್ಟಿಗೆಗಳು ಸಾಮೂಹಿಕವಾಗಿಯೇ ಇರಲಿ, ಆದರೆ ಬಿದ್ದ ಐಟಂ ಮೊದಲ 8 ಸೆಕೆಂಡ್ ಅತಿ ಕಡಿಮೆ ಐಟಂ ಇರುವ ಆಟಗಾರನಿಗೆ ಮೀಸಲು, ಆಮೇಲೆ ಯಾರಾದರೂ ಎತ್ತಬಹುದು. ಆಯ್ಕೆಯ ಪರದೆ ಬಂದಾಗ ಆಟ ನಿಲ್ಲಿಸಬೇಡಿ. ಒಬ್ಬರು ಓದುತ್ತಾ ಕೂತರೆ ಮೂವರು ಕಾಯಬೇಕು. ಆಯ್ಕೆ ಬಾಕಿ ಉಳಿಯಲಿ, ಮುಂದಿನ ಬಾಗಿಲಿನ ಹತ್ತಿರ ತೀರಿಸಿಕೊಳ್ಳಲಿ.

ಹಣದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಶತ್ರು ಸತ್ತಾಗ ಸಿಗುವ ಹಣವನ್ನು ಎಲ್ಲರಿಗೂ ಪೂರ್ತಿ ಕೊಟ್ಟರೆ ಲೆಕ್ಕ ಹೀಗಾಗುತ್ತದೆ: ಶತ್ರುಗಳು 2.5 ಪಟ್ಟು, ಚೀಲ ನಾಲ್ಕು, ಒಟ್ಟು 10 ಪಟ್ಟು ಹಣ. ಪೆಟ್ಟಿಗೆಗಳು 2.5 ಪಟ್ಟು ಮಾತ್ರ. ಯಾವ ಪೆಟ್ಟಿಗೆ ತೆರೆಯಲಿ ಎಂಬ ಯೋಚನೆಯೇ ಉಳಿಯುವುದಿಲ್ಲ. ರಿಸ್ಕ್ ಆಫ್ ರೇನ್ 2 ಹಣವನ್ನು ಬದುಕಿರುವವರ ನಡುವೆ ಭಾಗಿಸುತ್ತದೆ. ಬೆಲೆ ಮೂಲದರ × ಗುಣಾಂಕದ 1.25ನೇ ಘಾತ. ಸಣ್ಣ ಪೆಟ್ಟಿಗೆಯ ಮೂಲದರ 25, ಮೇಲಿನ 10ನೇ ನಿಮಿಷದ ಲೆಕ್ಕದಲ್ಲಿ ಒಬ್ಬರಿಗೆ 85, ನಾಲ್ವರಿಗೆ 154. ಕೊಂದಾಗ ಸಿಗುವ ಹಣವೂ ಗುಣಾಂಕದ ಜೊತೆಗೇ ಏರುತ್ತದೆ. ಬೆಲೆ ನಿಗದಿಯಾಗುವುದು ಹಂತಕ್ಕೆ ಕಾಲಿಟ್ಟ ಕ್ಷಣದಲ್ಲಿ. ಅದನ್ನು ಹಾಗೆಯೇ ಇಟ್ಟುಕೊಳ್ಳಿ, ಪೆಟ್ಟಿಗೆಯ ಹತ್ತಿರ ಓಡಿ ಬರುವಷ್ಟರಲ್ಲಿ ಬೆಲೆ ಏರಿದರೆ ಮೋಸವೆನಿಸುತ್ತದೆ.

ಟಿಕ್‌ಟಿಕ್_60

ಎರಡು ಮತ್ತು ಮೂರಕ್ಕೆ.

ಸೀಡ್: ಎಲ್ಲ ಯಾದೃಚ್ಛಿಕ ಕೆಲಸಕ್ಕೂ ಒಂದೇ ಜನರೇಟರ್ ಬಳಸುತ್ತಿದ್ದೀರಿ ಅನಿಸುತ್ತದೆ. ಒಬ್ಬರ ಯಂತ್ರದಲ್ಲಿ ಕಿಡಿ ಹಾರಿಸಲು ಒಂದು ಸಂಖ್ಯೆ ಹೆಚ್ಚು ತೆಗೆದರೆ ಅಲ್ಲಿಂದ ಮುಂದಿನದೆಲ್ಲ ಒಂದು ಸ್ಥಾನ ಸರಿಯುತ್ತದೆ. ನಕ್ಷೆ, ಪೆಟ್ಟಿಗೆ, ಶತ್ರು, ದೃಶ್ಯ ಪರಿಣಾಮ, ಈ ನಾಲ್ಕಕ್ಕೂ ಬೇರೆ ಬೇರೆ ರ‍್ಯಾಂಡಮ್ ನಂಬರ್ ಜನರೇಟರ್ ವಸ್ತು ಮಾಡಿ. ರನ್‌ನ ಸೀಡ್, ಹಂತದ ಸಂಖ್ಯೆ, ವಿಭಾಗದ ಹೆಸರು ಮೂರನ್ನೂ ಹ್ಯಾಶ್ ಮಾಡಿ (ಬೆರೆಸಿ ಒಂದು ಸಂಖ್ಯೆಯಾಗಿಸಿ) ಪ್ರತಿ ಹಂತದ ಆರಂಭದಲ್ಲಿ ಹೊಸದಾಗಿ ಕೊಡಿ. ಒಂದು ಹಂತದಲ್ಲಿ ತಪ್ಪಿದರೂ ಮುಂದಿನದಕ್ಕೆ ಹರಿಯುವುದಿಲ್ಲ. ಡಿಕ್ಷನರಿ (ಹೆಸರು-ಮೌಲ್ಯ ಜೋಡಿಗಳ ಸಂಗ್ರಹ) ಮೇಲೆ ಲೂಪ್ ಹಾಕಿ ಸಂಖ್ಯೆ ತೆಗೆಯುತ್ತಿದ್ದರೆ ಅದನ್ನೂ ನೋಡಿ. ಗೊಡೋದಲ್ಲಿ ಅದು ಸೇರಿಸಿದ ಕ್ರಮದಲ್ಲಿ ಬರುತ್ತದೆ, ಆ ಕ್ರಮ ಪ್ರತಿ ಕ್ಲೈಂಟ್‌ನಲ್ಲೂ ಒಂದೇ ಇರಬೇಕೆಂದಿಲ್ಲ. ಐಟಂ ಮಾತ್ರ ಹೋಸ್ಟ್ ಒಬ್ಬನೇ ಆರಿಸಿ ಅದರ ಸಂಖ್ಯೆಯನ್ನು ಕಳಿಸಲಿ, ಕ್ಲೈಂಟ್ ಲೆಕ್ಕ ಹಾಕುವುದೇ ಬೇಡ.

ಡ್ಯಾಶ್: ಕ್ಲೈಂಟ್ ಶತ್ರುವನ್ನು ನೋಡುವುದು 45 ಮಿಲಿಸೆಕೆಂಡ್ ತಡವಾಗಿ. ಜೊತೆಗೆ ಚಲನೆ ನಯವಾಗಲು 100 ಮಿಲಿಸೆಕೆಂಡ್ ಬಫರ್ ಇಟ್ಟಿದ್ದರೆ 145. ಅವರು ಡ್ಯಾಶ್ ಮಾಡಿದ್ದು ಹೋಸ್ಟ್‌ಗೆ ತಿಳಿಯಲು ಇನ್ನೂ 45. ಒಟ್ಟು 190. ನಿಮ್ಮ 200 ಮಿಲಿಸೆಕೆಂಡ್ ರಕ್ಷಣೆಯನ್ನು ದಾರಿಯೇ ನುಂಗಿತು. ಆಟಗಾರರು ಪರಸ್ಪರ ಹೊಡೆದಾಡುವುದಿಲ್ಲ, ಹಾಗಾಗಿ ಮೋಸಕ್ಕೆ ಹೆದರಬೇಕಿಲ್ಲ: ಪೆಟ್ಟು ಬಿತ್ತೋ ಇಲ್ಲವೋ ಎಂಬುದನ್ನು ಪೆಟ್ಟು ತಿನ್ನುವವನ ಯಂತ್ರವೇ ತೀರ್ಮಾನಿಸಲಿ. ಹೋಸ್ಟ್ "ಈ ಶತ್ರು ಈ ದಿಕ್ಕಿಗೆ ದಾಳಿ ಶುರು ಮಾಡಿತು" ಎಂದು ರಿಲಾಯಬಲ್ ಆರ್‌ಪಿಸಿ (ಇನ್ನೊಂದು ಯಂತ್ರದಲ್ಲಿ ಫಂಕ್ಷನ್ ಓಡಿಸುವ, ತಲುಪುವುದು ಖಾತ್ರಿಯಾದ ಸಂದೇಶ) ಕಳಿಸಲಿ, ಕೈ ಎತ್ತುವ ಅನಿಮೇಷನ್ ಕನಿಷ್ಠ 0.35 ಸೆಕೆಂಡ್ ಇರಲಿ, ಕ್ಲೈಂಟ್ ಅದನ್ನು ತಾನೇ ಓಡಿಸಿ ಪೆಟ್ಟಾದರೆ ತಿಳಿಸಲಿ. ಶತ್ರುವಿನ ಹೆಲ್ತ್, ಹಣ, ಐಟಂ ಹೋಸ್ಟ್ ಕೈಯಲ್ಲೇ ಇರಲಿ.

ಸ್ಥಿತಿಯನ್ನು ಎಲ್ಲರಿಗೂ ಕಳಿಸುವ ಗೊಡೋದ ಮಲ್ಟಿಪ್ಲೇಯರ್ ಸಿಂಕ್ರೊನೈಸರ್‌ನ ರೆಪ್ಲಿಕೇಷನ್ ಇಂಟರ್ವಲ್ (ಎಷ್ಟು ಸೆಕೆಂಡಿಗೊಮ್ಮೆ ಕಳಿಸಬೇಕು ಎಂಬುದು) ಸೊನ್ನೆಯಲ್ಲೇ ಬಿಟ್ಟಿದ್ದರೆ ಪ್ರತಿ ಫ್ರೇಮ್‌ಗೂ ಕಳಿಸುತ್ತದೆ, 0.05 ಮಾಡಿ. ಒಂದು ಶತ್ರುವಿಗೆ 11 ಬೈಟ್ (ಗುರುತು 2, ಸ್ಥಾನ 8, ಸ್ಥಿತಿ 1) ಎಂದು ನೀವೇ ಕಟ್ಟಿ ಕಳಿಸಿದರೆ 80 ಶತ್ರುಗಳಿಗೆ 880 ಬೈಟ್, ಒಂದೇ ಪ್ಯಾಕೆಟ್‌ಗೆ ಸಾಕು. 150 ಆದರೆ 1,650, ಆಗ ತುಂಡಾಗುತ್ತದೆ. ಒಂದು ತುಂಡು ಕಳೆದರೂ ಇಡೀ ಪ್ಯಾಕೆಟ್ ಹೋದಂತೆ, ಆದ್ದರಿಂದ ನೀವೇ ಎರಡಾಗಿ ಒಡೆದು ಕಳಿಸಿ. ಗುಂಡುಗಳನ್ನು ಸ್ಪಾನರ್‌ನಿಂದ (ಎಲ್ಲ ಯಂತ್ರಗಳಲ್ಲೂ ವಸ್ತು ಮೂಡಿಸುವ ಗೊಡೋದ ನೋಡ್) ಹುಟ್ಟಿಸಬೇಡಿ. ಎಲ್ಲಿಂದ, ಯಾವ ದಿಕ್ಕಿಗೆ, ಯಾವ ಟಿಕ್‌ನಲ್ಲಿ (ಆಟದ ಗಡಿಯಾರದ ಒಂದು ಹೆಜ್ಜೆ) ಎಂದಷ್ಟೇ ಕಳಿಸಿದರೆ ಪ್ರತಿ ಯಂತ್ರವೂ ಹಾರಿಸಿಕೊಳ್ಳುತ್ತದೆ.

ಹೊಡೆದಾಗ ಕ್ಷಣಕಾಲ ನಿಲ್ಲುವ ಪರಿಣಾಮಕ್ಕೆ ಎಂಜಿನ್‌ನ ಟೈಮ್ ಸ್ಕೇಲ್ (ಇಡೀ ಆಟದ ವೇಗ) ಮುಟ್ಟಿದ್ದೀರಾ? ಹೋಸ್ಟ್‌ನಲ್ಲಿ ಅದು ಎಲ್ಲರ ಲೋಕವನ್ನೂ ನಿಲ್ಲಿಸುತ್ತದೆ. ಹೊಡೆದವನ ಮತ್ತು ಹೊಡೆಸಿಕೊಂಡವನ ಅನಿಮೇಷನ್ ಮಾತ್ರ ನಿಲ್ಲಿಸಿ.

ಇನ್ನೊಂದು ಮಾತು. ನಮ್ಮಲ್ಲಿ ಮೊಬೈಲ್ ಡೇಟಾದಲ್ಲೂ ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲೂ ಒಂದೇ ಪಬ್ಲಿಕ್ ಐಪಿ ಹಿಂದೆ ಎಷ್ಟೋ ಮನೆಗಳಿರುತ್ತವೆ. ಅಲ್ಲಿ ಹೊರಗಿನವರು ಹೋಸ್ಟ್‌ಗೆ ಸೇರಲೆಂದು ರೂಟರ್‌ನಲ್ಲಿ ಪೋರ್ಟ್ ತೆರೆದರೂ ಪ್ರಯೋಜನವಿಲ್ಲ, ಪೋರ್ಟನ್ನು ತಾನಾಗಿ ತೆರೆಸುವ ಯುಪಿಎನ್‌ಪಿ ಕೂಡ ನೆರವಾಗದು. ಸ್ಟೀಮ್‌ನಲ್ಲಿ ತರುವುದಾದರೆ ಅದರ ರಿಲೇಯನ್ನು (ಸಂದೇಶಗಳನ್ನು ನಡುವೆ ನಿಂತು ದಾಟಿಸುವ ಸರ್ವರ್) ಮೊದಲಿನಿಂದಲೇ ಬಳಸಿ ಪರೀಕ್ಷಿಸಿ.

ಮಿಣುಕುಹುಳ

ಬಹಳ ಉಪಕಾರ. ಟೈಮ್ ಸ್ಕೇಲ್ ಹೌದು, ಅದೇ ಬಳಸಿದ್ದೆ. ಇನ್ನೊಂದೇ ಪ್ರಶ್ನೆ: ಐಟಂಗಳು ಒಂದರ ಮೇಲೊಂದು ಪೇರಿಸಿದಾಗ ಒಂದೇ ಏಟಿಗೆ ನೂರಾರು ಮಿಂಚು ಹೊರಟು ಹೋಸ್ಟ್ ನಿಂತೇ ಬಿಡುತ್ತದೆ. ಮಿಂಚು ಹೊರಡುವ ಅವಕಾಶದ ಶೇಕಡಾವಾರು ಕಡಿಮೆ ಮಾಡಿದರೆ ಐಟಂ ಸಪ್ಪೆಯಾಗುತ್ತದೆ.

ಮೂರನೇ_ಘಾತ

ಶೇಕಡಾವಾರು ಮುಟ್ಟಬೇಡಿ, ಸರಪಳಿ ಕತ್ತರಿಸಿ. ಎರಡು ನಿಯಮ ಸಾಕು. ಪ್ರತಿ ಏಟಿಗೂ ಒಂದು ಪ್ರಚೋದನಾ ಗುಣಾಂಕ ಇರಲಿ: ಆಯುಧದ ಏಟಿಗೆ 1, ಐಟಂನಿಂದ ಹುಟ್ಟಿದ ಮಿಂಚಿಗೆ 0.2. ಮುಂದಿನ ಐಟಂನ ಅವಕಾಶವನ್ನು ಇದರಿಂದ ಗುಣಿಸಿದರೆ ಶೇ. 25 ಇದ್ದದ್ದು ಶೇ. 5 ಆಗುತ್ತದೆ. ಎರಡನೆಯದು, ಪ್ರತಿ ಏಟಿನ ಜೊತೆ ಒಂದು ಬಿಟ್ ಮಾಸ್ಕ್ (ಐಟಂಗೊಂದರಂತೆ ಹೌದು/ಇಲ್ಲ ಗುರುತುಗಳ ಸಾಲು) ಹೋಗಲಿ. ಈ ಸರಪಳಿಯಲ್ಲಿ ಆಗಲೇ ಕೆಲಸ ಮಾಡಿದ ಐಟಂ ಮತ್ತೆ ಮಾಡಬಾರದು. ಹತ್ತು ಐಟಂ ಇದ್ದರೆ ಸರಪಳಿಯ ಉದ್ದ ಹೆಚ್ಚೆಂದರೆ ಹತ್ತು.

ಪೆಟ್ಟು ತಪ್ಪಿಸುವ ಅವಕಾಶ ಕೊಡುವ ಐಟಂಗಳಿಗೆ ನೇರ ಕೂಡಿಕೆ ಬೇಡ. ಶೇ. 15ರಂತೆ ಕೂಡಿಸಿದರೆ ಏಳನೆಯದಕ್ಕೇ 105 ಆಯಿತು, ಆಮೇಲೆ ಯಾರೂ ಸಾಯುವುದಿಲ್ಲ. 1 − 1 ÷ (1 + 0.15 × ಸಂಖ್ಯೆ) ಬಳಸಿ: ಒಂದಕ್ಕೆ ಶೇ. 13, ಐದಕ್ಕೆ 43, ಹತ್ತಕ್ಕೆ 60, ನೂರು ಎಂದೂ ಮುಟ್ಟದು. ಡ್ಯಾಮೇಜ್ ಸಂಖ್ಯೆಗಳನ್ನು ಒಂದೊಂದಾಗಿ ಕಳಿಸದೆ, ಒಂದು ಟಿಕ್‌ನಲ್ಲಿ ಒಂದು ಶತ್ರುವಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಒಮ್ಮೆ ಕಳಿಸಿ.