ಹಾಂಗ್‌ಝೌ ಪಶ್ಚಿಮ ಸರೋವರ: ಏಪ್ರಿಲ್ ಮೊದಲ ವಾರ ಹೋಗಬಹುದಾ?

ಪೆರ್ಲ ಪೇಟೆ
ಎಲ್ಲರಿಗೂ ನಮಸ್ಕಾರ. ಮಗನ ಪರೀಕ್ಷೆ ಮಾರ್ಚ್ ಕೊನೆಗೆ ಮುಗಿಯುತ್ತದೆ, ವಿಷುವಿಗೆ ಊರಲ್ಲಿರಲೇಬೇಕು. ನಡುವೆ ಚೀನಾದ ಶಾಂಘೈ, ಹಾಂಗ್‌ಝೌ ನೋಡಿ ಬರುವ ಅಂತ ಉಂಟು. ಅಪ್ಪ, ಅಮ್ಮ, ಮಗ, ನಾನು. ಅಪ್ಪನಿಗೆ ಮೊಣಗಂಟು ನೋವು. ಇಬ್ಬರಿಗೂ ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ. ಮಂಗಳೂರಿನ ಏಜೆಂಟರೊಬ್ಬರು ವೀಸಾ ಮುಂಬಯಿಯಲ್ಲೇ ಮಾಡಿಸಬಹುದು ಅನ್ನುತ್ತಾರೆ, ಹೌದಾ? ಶಾಂಘೈಯಿಂದ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬಂದರೆ ಸಾಕಾ? ಯುಪಿಐ ನಡೆಯುತ್ತದಾ?

ತಲಪಾಡಿ ಗಡಿ
ಮೊದಲು ತಾರೀಕು ಬದಲಿಸಿ. ಏಪ್ರಿಲ್ 4 ಅಥವಾ 5ಕ್ಕೆ ಅವರ ಛಿಂಗ್‌ಮಿಂಗ್, ಅಂದರೆ ಹಿರಿಯರ ಸಮಾಧಿಗೆ ಹೋಗುವ ಹಬ್ಬ. ಸರಕಾರಿ ರಜೆ. ದಂಡೆಯ ಪೀಚ್ ಹೂ, ವಿಲ್ಲೋ ಚಿಗುರು ನೋಡಲು ಶಾಂಘೈಯ ಅರ್ಧ ಊರು ಆ ರಜೆಯಲ್ಲೇ ಹಾಂಗ್‌ಝೌಗೆ ಬರುತ್ತದೆ. ರೈಲು ಸಿಗುವುದಿಲ್ಲ, ಕೋಣೆಯ ಬಾಡಿಗೆ ಏರುತ್ತದೆ. ರಜೆ ಮುಗಿದ ಮೇಲಿನ ವಾರದ ದಿನಗಳನ್ನು ಹಿಡಿಯಿರಿ. ಹೂ ಇನ್ನೂ ಇರುತ್ತದೆ, ವಿಷುವಿಗೂ ಮುಟ್ಟುತ್ತೀರಿ.

ವೀಸಾ: ಮುಂಬಯಿ ಕಾನ್ಸುಲೇಟಿನ ವ್ಯಾಪ್ತಿ ಮಹಾರಾಷ್ಟ್ರ ಮತ್ತು ಕರ್ನಾಟಕ. ಮಂಗಳೂರಿನವರಿಗೆ ಏಜೆಂಟರ ಮಾತು ಸರಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಕಾಸರಗೋಡು ವಿಳಾಸ ಇದ್ದರೆ ನೀವು ಕೇರಳದವರು, ದೆಹಲಿಗೆ ಹೋಗಬೇಕು. ಗಡಿ ದಾಟಿ ಐದು ಮೈಲು ಅಂತ ಯಾರೂ ರಿಯಾಯಿತಿ ಕೊಡುವುದಿಲ್ಲ ಮಾರಾಯ್ರೇ. ಪ್ರವಾಸಿ ವೀಸಾಕ್ಕೆ ಎಲ್ ವರ್ಗ. ಆನ್‌ಲೈನ್ ಫಾರ್ಮು ತುಂಬಿಸಬೇಕು, ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಮತ್ತು ಖಾಲಿ ಪುಟ ಬೇಕು. ಫೋಟೋ 33×48 ಮಿ.ಮೀ., ಬಿಳಿ ಹಿನ್ನೆಲೆ. ಸ್ಟುಡಿಯೋದವರು ಕೊಡುವ ಮಾಮೂಲಿ ಅಳತೆ ನಡೆಯುವುದಿಲ್ಲ. ಯೂಟ್ಯೂಬಿನಲ್ಲಿ ಹೇಳುವ "240 ಗಂಟೆ ವೀಸಾ ಬೇಡ" ಪಟ್ಟಿಯಲ್ಲಿ ಭಾರತ ಇಲ್ಲ.

ಕುಂಬಳೆ ಕಡಲು
ಯುಪಿಐ ಮರೆತುಬಿಡಿ. ಅಲ್ಲಿಯ ಪಾವತಿ ಆ್ಯಪ್ ಅಲಿಪೇ ಹಾಕಿ, ಅದಕ್ಕೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್ ಸೇರಿಸಿ, ಪಾಸ್‌ಪೋರ್ಟಿನ ಪರಿಶೀಲನೆ ಮುಗಿಸಿ. ಇದೆಲ್ಲ ಊರಲ್ಲೇ ಆಗಲಿ: ಬ್ಯಾಂಕಿನ ಒಟಿಪಿ ನಮ್ಮ ಸಿಮ್ಮಿಗೆ ಬರುತ್ತದೆ, ಅಲ್ಲಿ ರೋಮಿಂಗ್ ಇಲ್ಲದಿದ್ದರೆ ಕಾರ್ಡ್ ಅರ್ಧದಲ್ಲೇ ನಿಲ್ಲುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಲು ಮರೆಯುವವರೇ ಜಾಸ್ತಿ. ಒಂದು ಪಾವತಿ 200 ಯುವಾನ್ ಮೀರಿದರೆ 3% ಶುಲ್ಕ, ಅದರೊಳಗೆ ಇಲ್ಲ. ಹತ್ತು, ಇಪ್ಪತ್ತರ ನೋಟು ಸ್ವಲ್ಪ ಕಿಸೆಯಲ್ಲಿರಲಿ. ನೂರರ ನೋಟು ಕೊಟ್ಟರೆ ಸಣ್ಣ ಅಂಗಡಿಯಲ್ಲಿ ಚಿಲ್ಲರೆ ಇರುವುದಿಲ್ಲ.

ವಾಟ್ಸಾಪ್, ಗೂಗಲ್ ಹೋಟೆಲಿನ ವೈಫೈಯಲ್ಲಿ ಬರುವುದಿಲ್ಲ. ನಮ್ಮ ಸಿಮ್ಮಿನ ರೋಮಿಂಗಿನಲ್ಲಿ ಬರುತ್ತದೆ, ಯಾಕೆಂದರೆ ಆ ಡೇಟಾ ನಮ್ಮ ಕಂಪೆನಿಯ ಮೂಲಕವೇ ಹೊರಗೆ ಹೋಗುತ್ತದೆ. ದಾರಿ ನೋಡಲು ಗೂಗಲ್ ಮ್ಯಾಪ್ ಬೇಡ, ಅಲ್ಲಿ ಗುರುತು ನೂರಾರು ಮೀಟರ್ ಜಾರಿ ಕೂತಿರುತ್ತದೆ. ಅಮ್ಯಾಪ್ ಹಾಕಿಕೊಳ್ಳಿ.

ರೈಲು: ಶಾಂಘೈ ಹೊಂಗ್‌ಛಿಯಾವ್‌ನಿಂದ ಸುಮಾರು ಒಂದು ಗಂಟೆ. ಟಿಕೆಟ್ ಅಲ್ಲಿಯ ರೈಲ್ವೆಯ 12306 ಆ್ಯಪಿನಲ್ಲಿ, ಹೊರಡುವ 15 ದಿನ ಮೊದಲು ತೆರೆಯುತ್ತದೆ. ಹೆಸರಿನ ತಾಪತ್ರಯ ನಮ್ಮ ಕಡೆಯವರಿಗೆ ಜಾಸ್ತಿ: ಕೆಲವರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಖಾಲಿ, ಕೆಲವರಿಗೆ ಬರೀ ಇನಿಶಿಯಲ್. ಫೋಟೋ ಪುಟದ ಅಡಿಯಲ್ಲಿ ಬಾಣದ ಗುರುತುಗಳ ಸಾಲಿನಲ್ಲಿ ಹೇಗಿದೆಯೋ ಹಾಗೇ ತುಂಬಿಸಿ. ಟಿಕೆಟ್ ಕಾಗದ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಯಂತ್ರ ಓದದಿದ್ದರೆ ಪಕ್ಕದ ಮಾನವ ಗೇಟಿಗೆ ಹೋಗಿ. ಗಾಡಿ ಬಿಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ.

ಇಳಿಯುವ ನಿಲ್ದಾಣ "ಹಾಂಗ್‌ಝೌ ಪೂರ್ವ" ಅಥವಾ ಬರೀ "ಹಾಂಗ್‌ಝೌ". "ಪಶ್ಚಿಮ" ಅಂತ ಕಂಡ ಕೂಡಲೇ ಪಶ್ಚಿಮ ಸರೋವರದ ಹತ್ತಿರ ಅಂತ ತಿಳಿಯಬೇಡಿ, ಆ ನಿಲ್ದಾಣ ಊರಿನ ಹೊರಗೆ. ಪೂರ್ವದಿಂದ ಮೆಟ್ರೊ 1ನೇ ಮಾರ್ಗ ಹಿಡಿದರೆ ಲಾಂಗ್‌ಶಿಯಾಂಗ್‌ಛಿಯಾವ್‌ನಲ್ಲಿ ಇಳಿದು ನಡೆದೇ ದಂಡೆಗೆ. ಮೆಟ್ರೊದ ಕ್ಯುಆರ್ ಒಬ್ಬರಿಗೆ ಒಂದೇ. ಒಂದು ಫೋನಿನಲ್ಲಿ ನಾಲ್ವರು ಹೋಗಲಿಕ್ಕಾಗದು, ಹಿರಿಯರಿಗೆ ಯಂತ್ರದಲ್ಲಿ ಬಿಡಿ ಟಿಕೆಟ್ ತೆಗೆಯಿರಿ.

ನೀಲೇಶ್ವರ ಹೊಳೆ
ಒಂದೇ ದಿನದಲ್ಲಿ ಹೋಗಿ ಬರುವುದು ದಂಡ. ಸರೋವರ ಚೆಂದ ಇರುವುದು ಬೆಳಿಗ್ಗೆ ಏಳರ ಮೊದಲು ಮತ್ತು ಸೂರ್ಯ ಮುಳುಗುವಾಗ. ಹಗಲಿನ ಗಾಡಿಯವರಿಗೆ ಸಿಗುವುದು ನಡುವಿನ ಗದ್ದಲ ಮಾತ್ರ. ಎರಡು ರಾತ್ರಿ ದಂಡೆಯ ಪೂರ್ವಕ್ಕೆ, ಹುಬಿನ್ ಕಡೆ ಉಳಿಯಿರಿ. ದಂಡೆಗೆ ಪ್ರವೇಶ ಶುಲ್ಕ ಇಲ್ಲ, 2002ರಿಂದಲೇ ತೆಗೆದಿದ್ದಾರೆ.

ಮೊಣಗಂಟು ನೋವಿನವರಿಗೆ ಲೆಕ್ಕ ಹೀಗೆ. ಸುತ್ತು ಪೂರ್ತಿ ಹದಿನೈದು ಕಿ.ಮೀ. ಹತ್ತಿರ, ಅದು ಬೇಡ. ಮುರಿದ ಸೇತುವೆಯಿಂದ (ಹೆಸರಷ್ಟೇ, ಮುರಿದಿಲ್ಲ) ಹೊರಡುವ ಬಾಯ್ ಏರಿ (ಏರಿ ಅಂದರೆ ನೀರಿನ ನಡುವೆ ಕಟ್ಟಿದ ದಾರಿ) ಒಂದು ಕಿ.ಮೀ., ಹೆಚ್ಚುಕಡಿಮೆ ಸಮತಟ್ಟು. ಅಷ್ಟು ನಡೆಯಲಿ. ಸು ಏರಿ 2.8 ಕಿ.ಮೀ.; ಕವಿ ಸು ಶಿ ಇಲ್ಲಿ ಅಧಿಕಾರಿಯಾಗಿದ್ದಾಗ, 1090ರ ಸುಮಾರಿಗೆ, ಕೆರೆಯ ಹೂಳು ತೆಗೆಸಿ ಅದೇ ಮಣ್ಣಿನಿಂದ ಕಟ್ಟಿಸಿದ್ದು. ಅದರ ಆರು ಸೇತುವೆಗಳೂ ಡೊಂಕು ಬೆನ್ನಿನವು, ಹತ್ತಿ ಇಳಿಯುವುದೇ ಮೊಣಗಂಟಿಗೆ ಕಷ್ಟ. ಅಲ್ಲಿ ಮಗನೂ ನೀವೂ ನಡೆಯಿರಿ, ಹಿರಿಯರನ್ನು ಸರೋವರ ಸುತ್ತುವ ಬ್ಯಾಟರಿ ಗಾಡಿಯಲ್ಲಿ ಕೂರಿಸಿ.

ದೋಣಿ: ನಡುಗಡ್ಡೆಗೆ ದೊಡ್ಡ ದೋಣಿಯ ಟಿಕೆಟನ್ನು ಅಧಿಕೃತ ಕಡವಿನ ಕಿಟಕಿಯಲ್ಲೇ ತೆಗೆಯಿರಿ, ದಾರಿಯಲ್ಲಿ ಕೈ ಹಿಡಿದು ಕರೆಯುವವರಲ್ಲಿ ಬೇಡ. ನಡುಗಡ್ಡೆಯಿಂದ ಬೇರೆ ಬೇರೆ ದಂಡೆಗೆ ದೋಣಿ ಬಿಡುತ್ತದೆ; ಬೋರ್ಡು ನೋಡದೆ ಹತ್ತಿದರೆ ಎದುರು ದಂಡೆಯಲ್ಲಿ ಇಳಿಯುತ್ತೀರಿ. ನೀರಲ್ಲಿ ನಿಂತ ಮೂರು ಕಲ್ಲಿನ ಗೋಪುರಗಳು ಆಳೆತ್ತರಕ್ಕಿಂತ ಸ್ವಲ್ಪ ಹೆಚ್ಚು, ಒಳಗೆ ಪೊಳ್ಳು, ಹೊಟ್ಟೆಯಲ್ಲಿ ಐದು ದುಂಡಗಿನ ಕಂಡಿ. ಶರತ್ಕಾಲದ ಹುಣ್ಣಿಮೆಗೆ ಒಳಗೆ ದೀಪವಿಟ್ಟು ಕಂಡಿಗೆ ತೆಳು ಕಾಗದ ಅಂಟಿಸಿದರೆ, ಪ್ರತಿ ಕಂಡಿಯೂ ನೀರಲ್ಲಿ ಒಂದೊಂದು ಚಂದ್ರ. ಒಂದು ಯುವಾನಿನ ನೋಟಿನ ಹಿಂಬದಿಯಲ್ಲಿ ಅದೇ ಚಿತ್ರ ಉಂಟು, ಮಗನ ಕೈಗೆ ಒಂದು ಕೊಡಿ.

ಲೇಫೆಂಗ್ ಗೋಪುರಕ್ಕೆ ಎಸ್ಕಲೇಟರ್, ಲಿಫ್ಟ್ ಎರಡೂ ಉಂಟು, ಅಪ್ಪನಿಗೆ ಧಾರಾಳ ಆಗುತ್ತದೆ. ಈಗಿನದು 2002ರದ್ದು. ಹಳೆಯದರ ಇಟ್ಟಿಗೆಗೆ ಮಹಿಮೆ ಉಂಟು ಅಂತ ಜನ ಒಂದೊಂದಾಗಿ ಕಿತ್ತುಕೊಂಡು ಹೋಗಿ, 1924ರಲ್ಲಿ ಅದು ಕುಸಿಯಿತು. ಬುಡದ ಅವಶೇಷ ಕೆಳಗೆ ಗಾಜಿನಾಚೆ ಕಾಣುತ್ತದೆ.

ಉಪ್ಪಳ ಗೇಟ್
ಊಟದ ವಿಷಯ. ಮಾಮೂಲಿ ಹೋಟೆಲಿನಲ್ಲಿ "ಸೊಪ್ಪು ಮಾತ್ರ" ಅಂದರೂ ಬೆಳ್ಳುಳ್ಳಿ, ಹಂದಿಕೊಬ್ಬು, ಚಿಕನ್ ಪುಡಿ, ಆಯ್ಸ್ಟರ್ ಸಾಸು ಇವುಗಳಲ್ಲಿ ಒಂದು ಬಿದ್ದಿರುತ್ತದೆ. ಅವರ ಲೆಕ್ಕದಲ್ಲಿ ಅದು ಮಾಂಸವಲ್ಲ. ಅನುವಾದದ ಆ್ಯಪಿನಲ್ಲಿ ಇಷ್ಟನ್ನೂ ಹೆಸರು ಹಿಡಿದು ಬರೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಿಮ್ಮವರಿಗೆ ನಿಜಕ್ಕೂ ಹೊಂದುವುದು ಬೌದ್ಧ ಸಸ್ಯಾಹಾರಿ ಹೋಟೆಲು: ಅವರಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ಲಿಂಗ್‌ಯಿನ್ ದೇವಸ್ಥಾನದ ಆಸುಪಾಸಿನಲ್ಲಿ ಇಂಥವು ಸಿಗುತ್ತವೆ.

ಕೋಣೆಯಲ್ಲಿ ಸಾಮಾನ್ಯವಾಗಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಅವಲಕ್ಕಿ, ಚಟ್ನಿಪುಡಿ, ನೇಂದ್ರ ಚಿಪ್ಸ್ ಒಯ್ದರೆ ಬೆಳಗಿನ ಚಿಂತೆ ಇಲ್ಲ. ತುಪ್ಪ, ಹಸಿ ಹಣ್ಣು, ಕರಿಬೇವು ಕಟ್ಟಬೇಡಿ, ಕಸ್ಟಮ್ಸಿನಲ್ಲಿ ಹೋಗುತ್ತದೆ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಸೇರುವುದಿಲ್ಲ, ಅಡಾಪ್ಟರ್ ಬೇಕು.

ಹಲಾಲ್ ಹುಡುಕುವವರು ಇದನ್ನು ಓದುತ್ತಿದ್ದರೆ: ಲಾನ್‌ಝೌ ನೂಡಲ್ಸ್ ಅಂಗಡಿಗಳು ಸಾಮಾನ್ಯವಾಗಿ ಹಲಾಲ್. ಝೊಂಗ್‌ಶಾನ್ ರಸ್ತೆಯಲ್ಲಿ ಹಳೆಯ ಫೀನಿಕ್ಸ್ ಮಸೀದಿಯೂ ಉಂಟು.

ಪೆರ್ಲ ಪೇಟೆ
ಬಹಳ ಉಪಕಾರ ಆಯಿತು. ಇನ್ನೆರಡೇ: ಲಿಂಗ್‌ಯಿನ್‌ನಲ್ಲಿ ಮೆಟ್ಟಿಲು ಎಷ್ಟು ಕಷ್ಟ? ಚಹಾ ಅಲ್ಲೇ ತೆಗೆಯಬಹುದಾ?

ನೀಲೇಶ್ವರ ಹೊಳೆ
ದೇವಸ್ಥಾನದ ಮಂಟಪಗಳು ಗುಡ್ಡಕ್ಕೆ ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತವೆ. ಅಪ್ಪನಿಗೆ ಮೊದಲ ಎರಡು ಸಾಕು. ಎದುರಿನ "ಹಾರಿ ಬಂದ ಬೆಟ್ಟ"ದ ಕಲ್ಲಿನ ಬುದ್ಧರು ತೋಡಿನ ಬದಿಯ ದಾರಿಯಲ್ಲೇ ಕಾಣುತ್ತಾರೆ, ಹತ್ತುವ ಅಗತ್ಯ ಇಲ್ಲ. 4ನೇ ಶತಮಾನದಲ್ಲಿ ಬಂದ ಭಾರತದ ಭಿಕ್ಷು ಹುಯಿಲಿ ಈ ಗುಡ್ಡವನ್ನು ನೋಡಿ "ಇದು ನಮ್ಮ ಕಡೆಯದ್ದು, ಇಲ್ಲಿಗೆ ಯಾವಾಗ ಹಾರಿ ಬಂತು?" ಎಂದನಂತೆ, ಹೆಸರು ಅದರಿಂದ. ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಮೊದಲೇ ಸಮಯ ಕಾದಿರಿಸಿ, ಬೆಳಗಿನ ಹೊತ್ತೇ ಆಗಲಿ.

ಚಹಾ: ಇಲ್ಲಿಯ ಹಸಿರು ಚಹಾ ಲಾಂಗ್‌ಜಿಂಗ್‌ನಲ್ಲಿ ಛಿಂಗ್‌ಮಿಂಗ್‌ಗೆ ಮೊದಲು ಕೊಯ್ದದ್ದು ದುಬಾರಿ, ಆಮೇಲಿನದು ಅಗ್ಗ, ಮನೆಗೆ ಎರಡನೆಯದೇ ಸಾಕು. ಒಳ್ಳೆಯ ಎಲೆ ಚಪ್ಪಟೆ, ಬಣ್ಣ ಹಳದಿ ಬೆರೆತ ಹಸಿರು. ಬೆಲೆ ಹೇಳುವಾಗ ಜಿನ್‌ಗೋ ಲಿಯಾಂಗ್‌ಗೋ ಅಂತ ಕೇಳಿ: ಜಿನ್ ಅಂದರೆ 500 ಗ್ರಾಂ, ಲಿಯಾಂಗ್ ಅಂದರೆ 50. ಮೋಸ ಆಗುವುದು ಹೆಚ್ಚಾಗಿ ಇಲ್ಲೇ. ತೂಗಿ ಕಟ್ಟುವ ಮೊದಲು ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಲು ಹೇಳಿ.