24 ಕೆಜಿ ಇ-ಬೈಕನ್ನು ಚೇರ್‌ಲಿಫ್ಟ್‌ಗೆ ಹತ್ತಿಸೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಆಲ್ಪ್ಸ್‌ನಲ್ಲಿ ಮೌಂಟನ್ ಬೈಕ್ ಓಡಿಸುವವರು ಇಲ್ಲಿ ಯಾರಾದರೂ ಇದ್ದೀರಾ?

ಜುಲೈನಲ್ಲಿ ನಾನು, ಅಕ್ಕ ಜಿನೀವಾದಿಂದ ಫ್ರಾನ್ಸ್‌ನ ಲೇ ಜೆ, ಮೊರ್ಜಿನ್ ಕಡೆ ಹೊರಟಿದ್ದೇವೆ. 2022ರ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ಲೇ ಜೆಯಲ್ಲೇ ನಡೆದಿದ್ದು. ಅಕ್ಕನದು ಎಲೆಕ್ಟ್ರಿಕ್ ಬೈಕ್, 24 ಕೆಜಿ. ಮೊರ್ಜಿನ್‌ನ ಪ್ಲೆನೇ ಗೊಂಡೋಲಾ (ಮುಚ್ಚಿದ ಕ್ಯಾಬಿನ್ನಿನ ರೋಪ್‌ವೇ) ಬಗ್ಗೆ ಅಷ್ಟು ಚಿಂತೆ ಇಲ್ಲ. ಭಯ ಇರುವುದು ಬೈಕ್ ನೇತುಹಾಕಲು ಕೊಕ್ಕೆ ಇರುವ ಚೇರ್‌ಲಿಫ್ಟ್‌ಗಳದ್ದು, ಅಂದರೆ ತಂತಿಯಲ್ಲಿ ತೂಗುತ್ತಾ ಬೆಟ್ಟ ಹತ್ತುವ ತೆರೆದ ಕುರ್ಚಿಗಳದ್ದು. ಸ್ಟೇಷನ್ನಿನೊಳಗೆ ಕುರ್ಚಿ ನಿಧಾನವಾಗುತ್ತದೆ ನಿಜ, ಆದರೆ ನಿಲ್ಲುವುದಿಲ್ಲ. ಅಷ್ಟರಲ್ಲೇ ಹ್ಯಾಂಡಲ್ ಹಿಡಿದು ಎತ್ತಿ, ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ, ಪಕ್ಕಕ್ಕೆ ಸರಿಯಬೇಕು. ಅಕ್ಕ ಐದಡಿ ಎತ್ತರ. ಕೊಕ್ಕೆ ಅವಳ ಎದೆಮಟ್ಟಕ್ಕಿಂತ ಮೇಲೆ ಇದ್ದರೆ ಕಷ್ಟ ಅಲ್ವಾ?

ಬ್ಯಾಟರಿ ಬಿಚ್ಚಿ ಬೆನ್ನಿನ ಬ್ಯಾಗಿಗೆ ಹಾಕಿದರೆ ಮೂರ್ನಾಲ್ಕು ಕೆಜಿ ಇಳಿಯುತ್ತದೆ. ಪ್ರತಿ ಸಲ ಕ್ಯೂನಲ್ಲಿ ನಿಂತು ಬಿಚ್ಚಿ ಹಾಕೋದು ಆಗುವ ಕೆಲಸವಾ? ಬಿಚ್ಚಿದ ಜಾಗಕ್ಕೆ ಕೆಸರು ಹೋಗದಂತೆ ಏನು ಮುಚ್ಚುತ್ತೀರಿ? 2.6 ಇಂಚಿನ ಟೈರು ಕೊಕ್ಕೆಯಲ್ಲಿ ಸರಿಯಾಗಿ ಕೂರುತ್ತದಾ? ಲಿಫ್ಟ್ ಸಿಬ್ಬಂದಿ ಕೈ ಹಾಕುತ್ತಾರಾ, ಮುಖ್ಯವಾಗಿ ಮೇಲೆ ಇಳಿಸುವಾಗ? ನನಗೆ ಜಾಸ್ತಿ ಭಯ ಅದೇ.

ಬಾಡಿಗೆಗೆ ಹಗುರ ಬೈಕ್ ತಗೊಳ್ಳಿ ಅಂತ ದಯವಿಟ್ಟು ಹೇಳಬೇಡಿ. ಮೊಣಕಾಲಿನ ಆಪರೇಷನ್ ಆದಮೇಲೆ ಅವಳನ್ನು ಮತ್ತೆ ಗುಡ್ಡ ಹತ್ತಿಸಿದ್ದು ಈ ಮೋಟಾರೇ.

ಬರೀ ಗೊಂಡೋಲಾ ಹಿಡಿದು ಇಡೀ ದಿನ ಸುತ್ತುವ ದಾರಿ ಗೊತ್ತಿದ್ದರೂ ತಿಳಿಸಿ. ಕೊಕ್ಕೆಯ ಫೋಟೋ ಇದ್ದರೆ ಹಾಕಿ, ಅಕ್ಕನಿಗೆ ತೋರಿಸುತ್ತೇನೆ.